ಶಾಸ್ತ್ರಕ್ಕೆ ಉಡಿಸಿದ ಬಟ್ಟೆ

ಮಾವಶಿಯ ಬಲಗೈ ತೋರುಬೆರಳಿನ ತುದಿಯಲ್ಲಿ ಜೋಳದ ಕಾಳಿನಷ್ಟು ದೊಡ್ಡ ಗಂಟೊಂದಿತ್ತು. ಹುಡುಗಿಯಾಗಿದ್ದಾಗಿನಿಂದ ಸೂಜಿಯ ಹಿಂಬದಿಯನ್ನು ಒತ್ತಿ ಒತ್ತಿ ಅಲ್ಲಿಯ ಚರ್ಮ ಕಲ್ಲಾಗಿಬಿಟ್ಟಿತ್ತು. ನಾನೊಮ್ಮೆ ಪೇಟೆಯಿಂದ ಹಿತ್ತಾಳೆಯ ಅಂಗುಸ್ತಾನ ತಂದುಕೊಟ್ಟೆ. ಅದನ್ನು ಬೆರಳಿಗೆ ಹಾಕಿ, ತೆಗೆದು, ನನ್ನ ಕೈಗೇ ಹಿಂದಿರುಗಿಸಿದರು. "ಬೆರಳಿಗೆ ಟೊಪಗಿ ಹಾಕಿದ್ರ ಬಟ್ಟಿ ಎಲ್ಲಿ ತೆಳ್ಳಗೈತಿ, ಎಲ್ಲಿ ದಪ್ಪೈತಿ ಹ್ಯಾಂಗ ತಿಳೀಬೇಕು?" ಸಿಟ್ಟು ಬಂದಾಗ ಅದೇ ಬೆರಳನ್ನು ಎದುರಿನವರ ಎದೆಗೆ ಗುರಿ ಹಿಡಿದು ಮಾತಾಡುತ್ತಿದ್ದರು. ಸಿಟ್ಟು ದಿನಕ್ಕೆ ನಾಲ್ಕು ಸಲವಾದರೂ ಬರುತ್ತಿತ್ತು.

ಇದನ್ನು ನಾನೂ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಮನಸ್ಸು ತಣ್ಣಗಾಗಲಿ ಎಂದು ಎರಡು ವರ್ಷ ಕಾದೆ. ಆಗಲಿಲ್ಲ.

ಅಥಣಿಯಿಂದ ಮದುವೆಯಾಗಿ ನಾನು ಸಾಂಗಲಿಗೆ ಬಂದೆ. ಗಂಡನ ಮನೆಯವರು ಮಾಧವನಗರದ ಮಗ್ಗಗಳಿಗೆ ನೂಲು ಪೂರೈಸುವ ವ್ಯಾಪಾರಸ್ಥರು. ನಮ್ಮ ಮನೆಯ ಪಕ್ಕಕ್ಕೆ ಜೈನರ ಬಸದಿ, ಬಸದಿಯ ಗೋಡೆಗೆ ಹತ್ತಿಕೊಂಡು ಮಾವಶಿಯ ಎರಡು ಕೋಣೆ. ಅವರದು ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಕಲಿತದ್ದು ಮರಾಠಿ ಶಾಲೆಯ ನಾಲ್ಕು ಇಯತ್ತೆ. ಓಣಿಗೆಲ್ಲ ಅವರು ಮಾವಶಿ, ಅಂದರೆ ಚಿಕ್ಕಮ್ಮ, ಹಾಗಾಗಿ ನನಗೂ ಮಾವಶಿ. ಓಣಿಯ ಸೊಸೆಯೆಂದು ನನ್ನನ್ನು ಅವರು ಕೊನೆಯವರೆಗೂ ಸೂನಬಾಯಿ ಎಂದೇ ಕರೆದರು. ಹೊಸದಾಗಿ ಬಂದಾಗ ಅದು ಪ್ರೀತಿಯಿಂದ ಬಂದ ಮಾತಾಗಿತ್ತು. ಆಮೇಲೆ ಅದೇ ಮಾತು ಬೈಗುಳಕ್ಕೂ ಒದಗಿತು.

ಬಸದಿಯ ಒಳಗೋಡೆಯ ಕಪಾಟಿನಲ್ಲಿ ನಲವತ್ತೊಂದು ತಾಳೆಗರಿಯ ಕಟ್ಟುಗಳಿದ್ದವು. ಎಲ್ಲ ಹಳೆಯ ಕನ್ನಡದ ಶಾಸ್ತ್ರಗಳು. ಓದಬಲ್ಲವರು ಆ ಊರಿನಲ್ಲಿ ಯಾರೂ ಉಳಿದಿರಲಿಲ್ಲ. ಒಂದೊಂದು ಕಟ್ಟಿಗೂ ಒಂದೊಂದು ಹತ್ತಿಯ ಬಟ್ಟೆ ಸುತ್ತಿ, ಮೇಲೆ ದಾರ ಕಟ್ಟಿದ್ದರು. ಓಣಿಯ, ಸುತ್ತಲಿನ ಊರುಗಳ ಯಾವ ಹೆಂಗಸಾದರೂ ನೋಂಪಿಯ ವ್ರತ ಮುಗಿಸಿದಾಗ ತನ್ನ ಕೈಯಿಂದಲೇ ಹೊಲಿದು ಕೊಟ್ಟ ಬಟ್ಟೆಗಳು ಅವು. ಹಳೆಯ ಕಾಲದ ಆ ಹೆಂಗಸರಿಗೆ ಹೆಸರು ಬರೆಯಲು ಬರುತ್ತಿರಲಿಲ್ಲ. ಅದಕ್ಕೆ ಬಟ್ಟೆಯ ಒಂದು ಮೂಲೆಯಲ್ಲಿ ತಮ್ಮದೆಂದು ಒಂದು ಗುರುತು ಹೊಲಿಯುತ್ತಿದ್ದರು. ಒಬ್ಬಳದು ಏಣಿ, ಒಬ್ಬಳದು ತೊಟ್ಟಿಲು, ಒಬ್ಬಳದು ಎರಡು ಮೀನು. ಯಾವ ಗುರುತು ಯಾವ ಮನೆಯವಳದು ಎಂಬುದು ಬರೆದಿಟ್ಟ ಸಂಗತಿಯಲ್ಲ. ಮಾವಶಿಯ ಅತ್ತೆಗೆ ಗೊತ್ತಿತ್ತು, ಅವರಿಂದ ಮಾವಶಿಗೆ ಬಂದಿತ್ತು. ಬಟ್ಟೆ ಹರಿದರೆ ತೇಪೆ ಹಾಕುವವರು, ಜ್ಯೇಷ್ಠದಲ್ಲಿ ಬರುವ ಶಾಸ್ತ್ರಪೂಜೆಯ ಹಬ್ಬ ಶ್ರುತಪಂಚಮಿಗೆ ಕಟ್ಟುಗಳನ್ನೆಲ್ಲ ಇಳಿಸಿ ಧೂಳು ಒರೆಸಿ, ಬಜೆಯ ಪುಡಿ ಇಟ್ಟು ಮತ್ತೆ ಸುತ್ತುವವರು ಅವರೇ. ಕೃಷ್ಣೆ ಉಕ್ಕಿ ಓಣಿಯೊಳಗೆ ನೀರು ಬಂದ ವರ್ಷ, ಮಾವಶಿ ತಮ್ಮ ಮನೆಯ ಅಕ್ಕಿ ಬೇಳೆ ಬಿಟ್ಟು ನಲವತ್ತೊಂದು ಕಟ್ಟುಗಳನ್ನೂ ಮಾಳಿಗೆಗೆ ಹೊತ್ತರು. ನಾನು ಕೆಳಗಿನಿಂದ ಎತ್ತಿಕೊಟ್ಟೆ. ಬಸದಿ ಕಮಿಟಿಯವರು ಮೂರನೆಯ ದಿನ ದೋಣಿಯಲ್ಲಿ ಬಂದು ಫೋಟೋ ತೆಗೆಸಿಕೊಂಡರು.

ನಾನು ಬರೆಯುವುದು ಐತಿಹಾಸಿಕ ಕಾದಂಬರಿ. ಅದೂ ಸಾಂಗಲಿಯಲ್ಲಿ ಕುಳಿತು, ಕನ್ನಡದಲ್ಲಿ. ನನ್ನ ಮಕ್ಕಳೇ ಓದಲಾರರು. ಹಾಗಾಗಿ ಬರೆದದ್ದನ್ನೆಲ್ಲ ಮಧ್ಯಾಹ್ನ ಮಾವಶಿಯ ಕೋಣೆಯಲ್ಲಿ ಕುಳಿತು ಗಟ್ಟಿಯಾಗಿ ಓದುತ್ತಿದ್ದೆ. ಅವರಿಗೆ ಕನ್ನಡದ ಅಕ್ಷರ ಬಾರದು, ನನಗೆ ಬಟ್ಟೆ ಬಾರದು. ಹೊತ್ತು ಮುಳುಗುವ ಮುಂಚೆ ಅವರ ಊಟ ಮುಗಿಯಬೇಕು, ಅಷ್ಟರೊಳಗೆ ನನ್ನ ಅಧ್ಯಾಯವೂ ಮುಗಿಯಬೇಕು. ಅದೇ ಒಪ್ಪಂದ.

ಮೊದಲ ದಿನವೇ ಬೈಸಿಕೊಂಡೆ. ರಾಣಿಯ ಸೀರೆಯನ್ನು ಒಂದು ಪುಟದುದ್ದ ವರ್ಣಿಸಿದ್ದೆ. ಇದನ್ನು ಎಲ್ಲಿ ನೋಡಿದೆ ಎಂದು ಕೇಳಿದರು. ಗುಡಿಯ ಶಿಲ್ಪಗಳ ಫೋಟೋ ನೋಡಿ ಬರೆದೆ ಎಂದೆ.

"ಅದಕ್ಕ ಹಿಂಗಾಗೈತಿ. ಕಲ್ಲಾಗಿನ ಸೀರಿ ಬೆವರೂದಿಲ್ಲ, ಒಗ್ಯಾಕ ಬೀಳೂದಿಲ್ಲ. ನಿನ್ನ ರಾಣಿ ಒಮ್ಮ್ಯಾದರೂ ಸೆರಗಿಗಿ ಕೈ ಒರಸ್ಯಾಳೇನ?"

ಒರೆಸಿರಲಿಲ್ಲ. ಆ ಪುಟ ಹರಿದೆ.

ಇನ್ನೊಂದು ಸಲದ್ದು ಅದಕ್ಕಿಂತ ಜೋರು. ರಾಣಿ ತಾನು ಬರೆಯಿಸಿದ ಕಾವ್ಯದ ಗರಿಗಳನ್ನು ಕೆಂಪು ರೇಷ್ಮೆಯಲ್ಲಿ ಸುತ್ತಿ ಬಸದಿಗೆ ಕೊಡುತ್ತಾಳೆ ಎಂದು ಬರೆದಿದ್ದೆ. ಬರೆದು ನಾನೇ ಹಿಗ್ಗಿದ್ದೆ. ಮಾವಶಿಯ ಸೂಜಿ ನಿಂತಿತು.

"ಹುಳಾ ಕುದಿಸಿ ತಗದ ನೂಲ ಅದು. ಅದನ್ನ ಶಾಸ್ತ್ರಕ್ಕ ಸುತ್ತತಾರೇನ?"

"ರಾಣಿ ಅಲ್ಲೇನ್ರಿ ಮಾವಶಿ, ಆಕಿಗೆ ಹತ್ತಿ ಬಟ್ಟಿ ಹ್ಯಾಂಗ ಬರೀಲಿ?"

"ರಾಣಿ ಬೇಕಾದ್ದ ಉಡಲಿ. ಶಾಸ್ತ್ರಕ್ಕ ಉಡಸಬ್ಯಾಡ."

ಕಾದಂಬರಿ ಅಲ್ಲಿ ಹೊರಳಿತು. ರೇಷ್ಮೆ ಉಟ್ಟ ರಾಣಿ ಯಾರಿಗೂ ಕಾಣದಂತೆ ಕುಳಿತು, ಒರಟು ಹತ್ತಿಯ ಬಟ್ಟೆಗೆ ತನ್ನ ಕೈಯಾರೆ ಅಂಚು ಹೊಲಿಯುತ್ತಾಳೆ. ಓದಿದವರೆಲ್ಲ ಹೊಗಳಿದ್ದು ಆ ಒಂದು ಅಧ್ಯಾಯವನ್ನೇ. ಧಾರವಾಡದ ಸಭೆಯಲ್ಲಿ ಒಬ್ಬರು, ಇಂಥ ಸೂಕ್ಷ್ಮ ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದರು. ನಾನು ನಕ್ಕು, ಏನೋ ಒಂದು ಹೇಳಿದೆ. ಮಾವಶಿಯ ಹೆಸರು ಹೇಳಲಿಲ್ಲ. ಆ ನಗುವನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಆ ಕಾದಂಬರಿಗಾಗಿಯೇ ಒಂದು ಶ್ರುತಪಂಚಮಿಯಂದು ಬರೆಯುವ ವಹಿ ಹಿಡಿದು ಮಾವಶಿಯ ಪಕ್ಕದಲ್ಲಿ ಕುಳಿತಿದ್ದೆ. ಅವರು ಒಂದೊಂದೇ ಬಟ್ಟೆ ಕೊಡವಿ ಹೇಳುತ್ತಿದ್ದರು. "ಏಣಿ, ಪಾಟೀಲರ ನಡುವಿನ ಸೊಸಿದು. ಎರಡು ಮೀನ, ಕುಪವಾಡದಾಕಿ, ಹಡೀಲಿಕ್ಕೆ ಹೋದಾಕಿ ತಿರುಗಿ ಬರಲಿಲ್ಲ. ಬಾಳೆಗೊನಿ, ಬುಧಗಾಂವ ಭಾವಿ ಮನಿ ಸೊಸಿದು." ಹನ್ನೊಂದು ಬರೆದುಕೊಂಡೆ. ಉಳಿದ ಮೂವತ್ತು ಮುಂದಿನ ವರ್ಷ ನೋಡೋಣ ಎಂದು ವಹಿ ಮುಚ್ಚಿದೆ. ಕಾದಂಬರಿಗೆ ಹನ್ನೊಂದು ಸಾಕಾಗಿದ್ದವು.

ಪುಸ್ತಕ ಅಚ್ಚಾಗಿ ಬಂದ ಮೇಲೆ ಮಾವಶಿಗೆ ಪೂರ್ತಿ ಓದಿದೆ. ಒಂದು ವಾರ ಹಿಡಿಯಿತು. ಹೊಗಳಬಹುದೆಂದು ಕಾಯುತ್ತಿದ್ದೆ.

"ಏಣಿನೂ ಆಕಿಗೆ ಕೊಟ್ಟಿ, ಮೀನಾನೂ ಆಕಿಗೆ ಕೊಟ್ಟಿ. ಹನ್ನೊಂದೂ ರಾಣಿಗೇ ಹಾಕೀಯಲ್ಲ ಸೂನಬಾಯಿ, ಉಳದಾವರು ಏನ ಹೊಲದ್ರು?"

ಕತೆ ಅಂದರೆ ಹಾಗೇ, ಒಬ್ಬಳ ಮೇಲೆ ನಿಲ್ಲಬೇಕಾಗುತ್ತದೆ ಎಂದು ಏನೇನೋ ಸಮಜಾಯಿಷಿ ಹೇಳಿದೆ. ಮಾವಶಿ ಹಲ್ಲಿನಿಂದ ದಾರ ಕಡಿದು, ಚಹಾ ಮಾಡಲು ಎದ್ದರು.

ಕಾದಂಬರಿಯ ಮುನ್ನುಡಿಯಲ್ಲಿ ಬಸದಿಯ ಗರಿಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದನ್ನು ಓದಿ ದೂರದ ಊರಿನಿಂದ ಗರಿಗಳ ಫೋಟೋ ತೆಗೆಯುವವರ ತಂಡವೊಂದು ಬಂತು. ಬಂದವರು ಒಳ್ಳೆಯವರು, ಕೈಗೆ ಬಿಳಿ ಗವಸು ಹಾಕಿ ಗರಿಗಳನ್ನು ಹೂವಿನಂತೆ ಮುಟ್ಟಿದರು. ಗರಿಗಳಿಗೆ ಹೊಸ ಪೆಟ್ಟಿಗೆಗಳನ್ನೂ ತಂದಿದ್ದರು. ಬಸದಿ ಕಮಿಟಿಯ ಅಧ್ಯಕ್ಷರಿಗೆ ಅಂದು ನೆಲವೇ ಕಾಣುತ್ತಿರಲಿಲ್ಲ. ಮಾವಶಿ ಅದೇ ವಾರ ಕಣ್ಣಿನ ಆಪರೇಷನ್ನಿಗೆಂದು ಮಿರಜಿನಲ್ಲಿದ್ದರು. ಅವರು ಬರುವವರೆಗೆ ತಡೆಯಿರಿ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ನಲವತ್ತೊಂದು ಗಂಟುಗಳನ್ನೂ ನಾನೇ ಕುಳಿತು ಬಿಚ್ಚಿದೆ, ಕಾದಂಬರಿಗಾರ್ತಿ ಎಂದು ನನ್ನ ಫೋಟೋವನ್ನೂ ತೆಗೆದರು. ಗರಿಗಳು ಪೆಟ್ಟಿಗೆಗೆ ಹೋದವು. ಬಟ್ಟೆಗಳು ಮೂಲೆಯಲ್ಲಿ ಗುಡ್ಡೆಯಾಗಿ ಬಿದ್ದವು. ಅವುಗಳ ಕಡೆಗೆ ತಿರುಗಿ ನೋಡದೆ ಊಟಕ್ಕೆ ಹೋದೆ.

ನಾಲ್ಕನೆಯ ದಿನ ಮಾವಶಿ ಕರಿ ಕನ್ನಡಕ ಹಾಕಿಕೊಂಡು ಆಟೋದಿಂದ ಇಳಿದರು. ಚೀಲ ಹಿಡಿದುಕೊಳ್ಳಲು ನಾನು ಹೋಗಿದ್ದೆ. ಬಸದಿಯ ಮುಂದೆ ಆಳೊಬ್ಬ ಅಧ್ಯಕ್ಷರ ಬಿಳಿ ಕಾರು ಒರೆಸುತ್ತಿದ್ದ. ಕನ್ನಡಕದೊಳಗಿಂದಲೂ ಮಾವಶಿಗೆ ಅವನ ಕೈಯಲ್ಲಿದ್ದದ್ದು ಏನೆಂದು ತಿಳಿಯಿತು. ಹೋಗಿ ಕಸಿದುಕೊಂಡರು. ಗ್ರೀಸಿನ ಕಲೆಗಳ ನಡುವೆ ಮೂಲೆಯಲ್ಲಿ ಬಾಳೆಗೊನೆ ಕಾಣುತ್ತಿತ್ತು. ಗುರುತು ಒಳಗಾಗುವಂತೆ ಬಟ್ಟೆಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು.

ಉಳಿದವು ಎಲ್ಲಿ ಎಂದು ಕೇಳಿದರು. ಬಸದಿಗೆ ಬಣ್ಣ ಹಚ್ಚುವವರು ಕುಂಚ ಒರೆಸಲು ಒಯ್ದಿದ್ದರು. ಮಿಕ್ಕವು ಕಸದ ಘಂಟಾಗಾಡಿಗೆ ಹೋಗಿದ್ದವು.

ಅಧ್ಯಕ್ಷರು ಹೊರಗೆ ಬಂದರು. "ಮಾವಶಿ, ಜುನೀ ಕಾಪಡಂ ಹೋತೀ ತೀ," ಎಂದು ಮರಾಠಿಯಲ್ಲಿ ಸಮಾಧಾನ ಹೇಳಿದರು. ಹಳೆಯ ಬಟ್ಟೆ, ಅಷ್ಟೇ. ಮಾವಶಿಯ ಮುಖ ನೋಡಿ ಕನ್ನಡಕ್ಕೆ ತಿರುಗಿದರು. "ಇಷ್ಟ ಸಿಟ್ಟ ಆಗಲಿಕ್ಕೆ, ಅದ ಯಾರದಿತ್ತರಿ?"

ಮಾವಶಿ ಕಂಕುಳಿನ ಬಟ್ಟೆಯನ್ನು ಇನ್ನಷ್ಟು ಒತ್ತಿ ಹಿಡಿದು ಅವರ ಕಡೆ ನೋಡಿದರು. ಈಗ ಅವರ ಹತ್ತು ತಲೆಮಾರನ್ನೂ ಜಾಲಾಡುತ್ತಾರೆ ಎಂದು ನಾನು ಕಾದೆ, ನಿಜ ಹೇಳಬೇಕೆಂದರೆ ಆಸೆಪಟ್ಟೆ.

"ಯಾರದರ ಇರವಲ್ದ್ಯಾಕ. ನಾ ಹೇಳೂದಿಲ್ಲ," ಎಂದರು.

ಆಮೇಲೆ ನನ್ನ ಕಡೆ ತಿರುಗಿದರು. "ಗಂಟ ಬಿಚ್ಚಿದಾಕಿ ನೀನೇನ?"

"ಹೌದ್ರಿ."

ಅವರ ಚೀಲ ನನ್ನ ಕೈಯಲ್ಲಿತ್ತು. ಅದನ್ನು ತೆಗೆದುಕೊಂಡು ಒಳಗೆ ಹೋದರು.

ಆ ಬಟ್ಟೆಯನ್ನು ಮಾವಶಿ ಏಳು ಸಲ ಒಗೆದರು, ಎಷ್ಟು ತಿಕ್ಕಿದರೂ ಕಲೆ ಹೋಗಲಿಲ್ಲ. ಜೀರ್ಣವಾದ ಶಾಸ್ತ್ರವನ್ನು ನೀರಿಗೆ ಬಿಡುವಂತೆ ಹರಿಪುರದ ಸಂಗಮಕ್ಕೆ ಒಯ್ದು ಬಿಟ್ಟು ಬಂದರು. ನಾನು ತಿಂಗಳುಗಟ್ಟಲೆ ಅವರ ಬಾಗಿಲಿಗೆ ಅಲೆದೆ. ಬಟ್ಟೆ ಹೋದರೆ ಹೋಗಲಿ, ಉಳಿದ ಮೂವತ್ತು ಗುರುತು ಯಾರವೆಂದಾದರೂ ಹೇಳಿ, ಬರೆದಿಡುತ್ತೇನೆ ಎಂದು ಅಂಗಲಾಚಿದೆ. ಕುಡಿಯಲು ನೀರು ಕೊಡುತ್ತಿದ್ದರು, ಕೂರಿಸುತ್ತಿದ್ದರು, ಮನೆಯವರನ್ನು ವಿಚಾರಿಸುತ್ತಿದ್ದರು. ಗುರುತಿನ ಮಾತು ಬಂದರೆ ಮಾತ್ರ ಬಾಯಿಗೆ ಬೀಗ.

ಕೊನೆಗೊಂದು ದಿನ ಬಾಯಿ ಬಿಟ್ಟರು. "ಬರಕೊಂಡ ಏನ ಮಾಡ್ತಿ? ಮತ್ತೊಬ್ಬ ರಾಣಿಗೆ ಕೊಡ್ತಿ."

ನಾನು ಎದ್ದು ಬಂದೆ. ಅದೇ ಚಳಿಗಾಲದಲ್ಲಿ ಮಾವಶಿ ಜ್ವರ ಬಂದು ನಾಲ್ಕೇ ದಿನದಲ್ಲಿ ಹೋಗಿಬಿಟ್ಟರು. ಮೂವತ್ತು ಹೆಂಗಸರು ಅವರ ಜೊತೆಯಲ್ಲೇ ಹೋದರು. ಇದು ನನ್ನ ಸೋಮಾರಿತನದ ಫಲ, ಯಾರ ಮೇಲೂ ಹೊರಿಸುವಂತಿಲ್ಲ.

ಹದಿಮೂರನೆಯ ದಿನ ಬಸದಿಯಲ್ಲಿ ಶ್ರದ್ಧಾಂಜಲಿ ಸಭೆ. ಮಾವಶಿಯ ಫೋಟೋಗೆ ದಪ್ಪ ಹಾರ. ಬದುಕಿದ್ದಾಗ ಒಂದು ಸೂಜಿ ತಂದುಕೊಡದವರು ಶಾಸ್ತ್ರಸೇವಿಕೆ ಎಂದು ಬಿರುದು ಕೊಟ್ಟು ಮೂವರು ಭಾಷಣ ಮಾಡಿದರು. ನನಗೂ ಎರಡು ಮಾತು ಆಡಲು ಹೇಳಿದರು. ವಹಿ ತೆರೆದೆ. ಗಂಟು ಬಿಚ್ಚಿದವಳು ನಾನು ಎಂದು ಮೊದಲು ಹೇಳಿ, ಹನ್ನೊಂದು ಗುರುತುಗಳನ್ನಷ್ಟೇ, ಮನೆಗಳ ಹೆಸರಿಲ್ಲದೆ ಓದಿ ಕುಳಿತೆ. ತಮ್ಮ ಮನೆಯದು ಯಾವುದೆಂದು ಯಾರಿಗಾದರೂ ಕೇಳಬೇಕೆನಿಸುತ್ತದೆಯೋ ನೋಡೋಣ ಎಂಬ ಹಟ ನನ್ನದು. ಜನ ಎದ್ದು ಪ್ರಸಾದದ ಕಡೆ ನಡೆದರು.

ಎಲ್ಲರೂ ಹೋದ ಮೇಲೆ ಅಧ್ಯಕ್ಷರು ಬಂದು ನನ್ನ ಎದುರು ನಿಂತರು. ಮರಾಠಿ ಬಿಟ್ಟು, ತಡವರಿಸುತ್ತ ಕನ್ನಡದಲ್ಲಿ ಮಾತಾಡಿದರು.

"ನಮ್ಮ ಆಯಿನೂ ಒಂದ ಹೊಲದ ಕೊಟ್ಟಿದ್ಲಂತರಿ. ನಾ ಸಣ್ಣಾವಿದ್ದಾಗ ಹೋದ್ಲು, ಆಕಿದೊಂದ ಫೋಟೋನೂ ಇಲ್ಲ. ಈಗ ವಿಶ್ರಾಮಬಾಗದಾಗ ಇರತೀವಿ, ಮೂಲ ನಮ್ಮದು ಬುಧಗಾಂವ, ಭಾವಿ ಮನಿ ಅಂತಾರ. ನಿಮ್ಮ ವಹಿಯೊಳಗ ಐತೇನ ನೋಡ್ರಿ."

ವಹಿಯಲ್ಲಿ ಹುಡುಕಬೇಕಾಗಿರಲಿಲ್ಲ. ಕಾರು ಒರೆಸುತ್ತಿದ್ದ ಆ ಬಟ್ಟೆ ಅವರ ತಾಯಿಯದು. ಮಾವಶಿಗೆ ಅಂದೇ ಗೊತ್ತಿತ್ತು. ಗೊತ್ತಿದ್ದೇ ಗುರುತನ್ನು ಒಳಗೆ ಮಡಚಿದ್ದರು, ಗೊತ್ತಿದ್ದೇ ಹೇಳುವುದಿಲ್ಲ ಎಂದಿದ್ದರು. ಅದನ್ನು ನಾನು ಸಿಟ್ಟು ಎಂದುಕೊಂಡಿದ್ದೆ. ಇತಿಹಾಸದ ರಾಣಿಯರ ಮನಸ್ಸನ್ನು ಪುಟಗಟ್ಟಲೆ ಬಗೆದು ಬರೆಯುವವಳಿಗೆ, ಪಕ್ಕದ ಮನೆಯ ಹೆಂಗಸು ಕಣ್ಣೆದುರಿಗೆ ತೋರಿದ ಕರುಣೆ ತಿಳಿಯಲಿಲ್ಲ.

ಇಲ್ಲರಿ, ನಿಮ್ಮ ತಾಯಿಯದು ಇದರಲ್ಲಿ ಸಿಕ್ಕಿಲ್ಲ ಎಂದರೆ ಮುಗಿಯುತ್ತಿತ್ತು. ಮಾವಶಿ ಇದ್ದಿದ್ದರೆ ಹಾಗೇ ಹೇಳುತ್ತಿದ್ದರು. ನಾನು ಮಾವಶಿಯಲ್ಲ.

"ಬಾಳೆಗೊನಿ," ಎಂದೆ. "ನಿಮ್ಮ ಗಾಡಿ ಒರಸ್ತಿದ್ದನಲ್ರಿ ನಿಮ್ಮ ಆಳ, ಅದ. ಗಂಟ ಬಿಚ್ಚಿದಾಕಿ ನಾನ."

ಅವರು ಬಸದಿಯ ಮೆಟ್ಟಿಲ ಮೇಲೆ ಕುಳಿತರು. ಒಂದು ಕೈ ಪಕ್ಕದ ಕಲ್ಲನ್ನು ಹಿಡಿದುಕೊಂಡಿತ್ತು. ನಾನು ಚಪ್ಪಲಿ ಹಾಕಿಕೊಂಡು ಮನೆಗೆ ಬಂದೆ.

ಹೇಳಬಾರದಿತ್ತು ಎಂದು ಗೊತ್ತು. ಮಾವಶಿ ಉಳಿಸಿದ್ದನ್ನು ಎರಡನೆಯ ಸಲವೂ ನಾನೇ ಬಿಚ್ಚಿದೆ. ಆದರೂ ಅಧ್ಯಕ್ಷರು ನಾಳೆ ಬಂದು ಮತ್ತೆ ಕೇಳಿದರೆ, ಮತ್ತೆ ಹೇಳುತ್ತೇನೆ.