ಹುಣಸೆಮರದಿಂದಾಚೆ ವೈರ್‌ಲೆಸ್ ಸಿಗುವುದಿಲ್ಲ

ಬೆಂಕಿಯನ್ನು ನಾನು ಕಣ್ಣಾರೆ ನೋಡಿದ್ದು ಕಡಿಮೆ, ಕೇಳಿದ್ದೇ ಹೆಚ್ಚು. ಅಗ್ನಿಶಾಮಕ ಗಾಡಿಗಳ ವೈರ್‌ಲೆಸ್ ಮುಂದೆ ಕೂತು, ಅವು ಹೇಳಿದ್ದನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದು ನನ್ನ ಕೆಲಸ. ಕೋಣೆಯಲ್ಲಿ ಮೇಜು, ವೈರ್‌ಲೆಸ್ ಸೆಟ್ಟು, ಎರಡು ಫೋನು, ಗೋಡೆಗೆ ಜಿಲ್ಲೆಯ ನಕ್ಷೆ. ಪಾಳಿಗೆ ಒಬ್ಬರೇ. ಬೆಳಿಗ್ಗೆ ಎಂಟಕ್ಕೆ ಹಿಂದಿನ ಪಾಳಿಯವರು ಸಹಿ ಹಾಕಿ ಎದ್ದು ಹೋದರೆ ಸಂಜೆಯವರೆಗೆ ಇನ್ನೊಂದು ಮುಖ ಕಾಣುವುದು ಅಪರೂಪ.

ಗಾಡಿಯವರು ನಾಲ್ಕು ಮಾತು ಹೇಳಬೇಕು. ಹೊರಟಿದ್ದೇವೆ, ತಲುಪಿದ್ದೇವೆ, ಬೆಂಕಿ ಹತೋಟಿಗೆ ಬಂದಿದೆ, ವಾಪಸ್ ಬಂದಿದ್ದೇವೆ. ಒಂದೊಂದಕ್ಕೂ ನಾನು ಗಡಿಯಾರ ನೋಡಿ ಸಮಯ ಬರೆಯಬೇಕು. ಕೆಲಸ ಕಲಿಸಿದ ಹಿರಿಯರು ಹೇಳಿದ್ದು ಒಂದೇ ನಿಯಮ: "ಕೇಳಿದ್ದನ್ನ ಬರೀಬೇಕಮ್ಮ, ಅಂದ್ಕೊಂಡಿದ್ದನ್ನ ಬರೀಬಾರ್ದು."

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಗಾಡಿಗಳ ದನಿಗಳೆಲ್ಲ ನನಗೆ ಗೊತ್ತು. ಆ ದನಿಯವರು ರಸ್ತೆಯಲ್ಲಿ ಎದುರಾದರೆ ಗುರುತು ಹಿಡಿಯಲಾರೆ. ಮುಳಬಾಗಿಲಿನ ಕಡೆಯ ಒಬ್ಬರು ಬೆಳಗಿನ ಪರೀಕ್ಷಾ ಕರೆಯಲ್ಲಿ, "ತಿಂಡಿ ಆಗಿಲ್ವಾ ಮೇಡಂ? ಇರಿ, ವೈರ್‌ಲೆಸ್ಸಲ್ಲೇ ಒಂದು ದೋಸೆ ಕಳಿಸ್ತೀನಿ, ಮಡಚ್ಕೊಂಡು ತಗೊಳ್ಳಿ, ಓವರ್" ಎನ್ನುತ್ತಿದ್ದರು. ಸೆಟ್ಟಿನಲ್ಲಿ ಹರಟುವಂತಿಲ್ಲ. ಅಂಥ ಮಾತನ್ನು ನಾನು ಪುಸ್ತಕದಲ್ಲಿ ಬರೆಯುತ್ತಿರಲಿಲ್ಲ, ಆದರೆ ಅದಕ್ಕಾಗಿ ಕಾಯುತ್ತಿದ್ದೆ.

ಇನ್ನೊಂದು ಗಾಡಿಯ ಮುಖ್ಯಸ್ಥರು ಪ್ರತಿ ಮಧ್ಯಾಹ್ನ "ಊಟ ಆಯ್ತಾ ಮೇಡಂ?" ಎಂದು ಕೇಳುತ್ತಿದ್ದರು. ಅವರ ತಾಲೂಕು ಯಾವುದೆಂದು ಬರೆಯುವುದಿಲ್ಲ, ಈಗ ಹೇಳಲಿರುವುದು ಅವರ ಗಾಡಿಯ ಸಂಗತಿ. ಅವರ ವ್ಯಾಪ್ತಿಯಲ್ಲಿ ಬೆಟ್ಟದ ಹಿಂದೆ ನಾಲ್ಕೈದು ಹಳ್ಳಿಗಳಿವೆ. ಆ ದಾರಿಯ ತಿರುವಿನಲ್ಲಿ ಒಂದು ಹುಣಸೆಮರ. ಅದನ್ನು ದಾಟಿದರೆ ಬೆಟ್ಟ ಅಡ್ಡ ಬಂದು ವೈರ್‌ಲೆಸ್ ಸತ್ತುಹೋಗುತ್ತದೆ. ಹಿಂದೊಮ್ಮೆ ಗಾಡಿ ಅಲ್ಲಿ ಹೋಗಿ ಎಷ್ಟು ಹೊತ್ತಾದರೂ ದನಿ ಬಾರದೆ, ಉರುಳಿಬಿದ್ದಿತೇನೋ ಎಂದು ನನ್ನ ಹಿಂದಿನವರು ಗಾಬರಿಯಾಗಿ ಇನ್ನೊಂದು ಗಾಡಿಯನ್ನು ಹುಡುಕಲು ಕಳಿಸಿದ್ದರಂತೆ. ಅಂದಿನಿಂದ ಒಂದು ರೂಢಿ ಬಿತ್ತು. ಹುಣಸೆಮರದ ಹತ್ತಿರ ಬಂದಾಗಲೇ "ತಲುಪಿದ್ದೇವೆ" ಎಂದು ಹೇಳಿ ಮುಂದೆ ಹೋಗುವುದು. ಕೋಣೆಯಲ್ಲಿ ಒಬ್ಬರೇ ಕೂತವರು ಹೆದರದಿರಲಿ ಎಂಬ ಕಾಳಜಿಯಿಂದ ಹುಟ್ಟಿದ ಸುಳ್ಳು ಅದು.

ಅದನ್ನು ನನಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೂ ನನಗೆ ಗೊತ್ತಿತ್ತು. ಅವರ "ತಲುಪಿದ್ದೇವೆ"ಯ ಹಿಂದೆ ಎಂಜಿನ್ನಿನ ಸದ್ದು ಇರುತ್ತಿತ್ತು, ಏರು ಹತ್ತಲು ಗೇರ್ ಬದಲಿಸುವ ಸದ್ದು. ಮುಟ್ಟಿ ನಿಂತ ಗಾಡಿ ಹಾಗೆ ಸದ್ದು ಮಾಡುವುದಿಲ್ಲ. ನಾನು ಕೇಳಿದ ಮಾತನ್ನು ಬರೆದೆ, ಕೇಳಿದ ಸದ್ದನ್ನು ಬರೆಯಲಿಲ್ಲ.

ಒಂದು ಬೇಸಿಗೆಯ ಮಧ್ಯಾಹ್ನ ಆ ಹಳ್ಳಿಗಳಲ್ಲೊಂದರಿಂದ ಒಬ್ಬ ಹೆಂಗಸು ಫೋನ್ ಮಾಡಿದಳು. ಮನೆಯ ಹಿಂದಿನ ರಾಗಿ ಹುಲ್ಲಿನ ಮೆದೆಗೆ ಬೆಂಕಿ. ಗಾಡಿ ಕಳಿಸಿದೆ. ಎರಡು ಗಂಟೆ ನಲವತ್ತೊಂದು ನಿಮಿಷಕ್ಕೆ "ತಲುಪಿದ್ದೇವೆ, ಓವರ್" ಎಂದರು. ಬರೆದೆ. ಮೂರು ನಿಮಿಷಕ್ಕೆ ಅವಳ ಫೋನು ಮತ್ತೆ ಬಂತು.

"ಅಕ್ಕಾ, ಮೆದೆ ಪಕ್ಕದಲ್ಲೇ ನಮ್ಮ ಹುಳು ಮನೆ ಐತೆ. ಹುಳು ಹಣ್ಣಾಗಿ ನಿನ್ನೇನೇ ಚಂದ್ರಿಕೆಗೆ ಬಿಟ್ಟಿದ್ದೀವಿ. ಹೊಗೆ ಇನ್ನೂ ಒಳಕ್ಕೆ ಹೋಗಿಲ್ಲ, ಆ ಕಡೆಗೆ ತಿರುಗ್ತಾ ಐತೆ. ಚಂದ್ರಿಕೆ ಎಲ್ಲಾ ಈಚೆಗೆ ಹೊತ್ತಾಕ್ಲಾ, ಗಾಡಿ ಬರ್ತದಾ?"

ಚಂದ್ರಿಕೆ ಎಂದರೆ ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಾಪೆ. ಹುಳು ಗೂಡು ಕಟ್ಟುವ ಹೊತ್ತಿಗೆ ಹೊಗೆ ತಾಗಿದರೆ ತಿಂಗಳ ದುಡಿಮೆ ಹೋಯಿತು. ಅದು ನನಗೆ ಗೊತ್ತು, ನಮ್ಮ ಮನೆಯಲ್ಲೂ ಹುಳು ಸಾಕುತ್ತಿದ್ದರು. ಪುಸ್ತಕ ನೋಡಿ ಹೇಳಿದೆ:

"ಗಾಡಿ ನಿಮ್ಮೂರಿಗೆ ಬಂದಾಯ್ತಮ್ಮ. ಒಳಗೆ ಹೋಗ್ಬೇಡ. ರಸ್ತೆಗೆ ಹೋಗಿ ದಾರಿ ತೋರ್ಸು."

ಅವಳು ನಂಬಿದಳು. ಮನೆಯವರನ್ನು ಕರೆದುಕೊಂಡು ರಸ್ತೆಗೆ ಹೋದಳು. ಐದು ನಿಮಿಷ ಬಿಟ್ಟು ಮತ್ತೆ ಫೋನು. ಊರಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಮಾಳಿಗೆಯ ಮೇಲೆ ಮಾತ್ರ, ಅಲ್ಲಿಗೆ ಹತ್ತಿದ್ದಳು.

"ಎಕ್ಕಡ ಅಕ್ಕಾ ಗಾಡಿ? ಎಲ್ಲೈತೆ? ಮಾಳಿಗೆ ಮೇಲಿಂದ ನೋಡ್ತಾ ಇದೀನಿ, ರಸ್ತೆ ಖಾಲಿ ಐತೆ."

"ಬಂದಿದೆಯಮ್ಮ, ಇಲ್ಲಿ ಬರೆದಿದೆ."

ಹಾಗೆಂದಿದ್ದು ನಾನೇ. ಹೇಳುತ್ತಿದ್ದಂತೆ ಎಂಜಿನ್ ಸದ್ದು ನೆನಪಾಯಿತು. "ಇಲ್ಲ, ನಿಲ್ಲು, ಹೊತ್ತಾಕು" ಅನ್ನುವಷ್ಟರಲ್ಲಿ ಅವಳು ಗಾಡಿ ಬಂದೈತಂತೆ ಎಂದು ಕೂಗಿಕೊಂಡು ಕೆಳಗೆ ಇಳಿದಿದ್ದಳು. ಸೆಟ್ಟಿನಲ್ಲಿ ಗಾಡಿಯನ್ನು ಕರೆದೆ. ಬರೀ ಸರಸರ ಸದ್ದು. ಅವಳ ಮೊಬೈಲಿಗೂ ಮುಖ್ಯಸ್ಥರ ಮೊಬೈಲಿಗೂ ಮಾಡಿದೆ. ಸಿಗಲಿಲ್ಲ. ಆಮೇಲೆ ಮಾಡಲು ಏನೂ ಇರಲಿಲ್ಲ. ಕಿಟಕಿಯಾಚೆ ಬಿಸಿಲು, ಯಾರೋ ಸ್ಕೂಟರ್ ಒರೆಸುತ್ತಿದ್ದರು.

ಗಾಡಿ ಹುಣಸೆಮರಕ್ಕೆ ವಾಪಸ್ ಬಂದು ಮಾತಾಡಿದ್ದು ನಾಲ್ಕು ಗಂಟೆ ದಾಟಿದ ಮೇಲೆ. "ಹತೋಟಿಗೆ ಬಂದಿದೆ, ಓವರ್." ಆಮೇಲೆ, "ಯಾರಿಗೂ ಏನೂ ಆಗಿಲ್ಲ ಮೇಡಂ. ಹುಳು ಮನೆ ಹೋಯ್ತು."

ಅವರು ಠಾಣೆ ಸೇರಿದ ಮೇಲೆ ಫೋನಿನಲ್ಲಿ ಕೇಳಿದೆ: "ಊರಿಗೆ ಎಷ್ಟೊತ್ತಿಗೆ ಮುಟ್ಟಿದ್ರಿ?"

"ಬುಕ್ಕಲ್ಲಿ ಎಷ್ಟಿದೆ?"

"ಬುಕ್ಕಿಂದು ಬಿಡಿ, ನಿಮ್ದು ಹೇಳಿ."

"ಎರಡು ಐವತ್ಮೂರು ಆಗಿರ್ಬೇಕು. ದಾರೀಲಿ ಟೊಮ್ಯಾಟೊ ಗಾಡಿ ಅಡ್ಡ ನಿಂತಿತ್ತು." ಆಮೇಲೆ ತಗ್ಗಿದ ದನಿಯಲ್ಲಿ, "ಎಲ್ಲಾ ಗೊತ್ತಿದ್ದೂ ಕೇಳ್ತೀರಲ್ಲ ಮೇಡಂ. ಇಷ್ಟು ವರ್ಷ ಎಂಜಿನ್ ಸದ್ದು ನಿಮ್ಗೆ ಕೇಳಿಸ್ತಿರ್ಲಿಲ್ವಾ?"

ಕೇಳಿಸುತ್ತಿತ್ತು ಎಂದೆ.

ಬರೆದ ಸಾಲನ್ನು ಹೊಡೆದುಹಾಕುವಂತಿಲ್ಲ. ಅದರ ಕೆಳಗೆ ಇನ್ನೊಂದು ಸಾಲು ಬರೆದೆ. ಎರಡು ನಲವತ್ತೊಂದರ ವರದಿ ಹುಣಸೆಮರದ ಬಳಿಯಿಂದ ಬಂದದ್ದು, ಗಾಡಿ ಊರು ತಲುಪಿದ್ದು ಎರಡು ಐವತ್ತಮೂರಕ್ಕೆ, ಕರೆ ಮಾಡಿದ ಮಹಿಳೆಗೆ ಗಾಡಿ ಬಂದಿದೆ ಎಂದು ನಾನೇ ತಿಳಿಸಿದೆ. ಸಹಿ ಹಾಕಿದೆ. ನನಗೂ ಮುಖ್ಯಸ್ಥರಿಗೂ ಕಾರಣ ಕೇಳಿ ನೋಟಿಸು ಬಂತು. ಇಬ್ಬರೂ ಉತ್ತರ ಕೊಟ್ಟೆವು.

ರಜೆಯ ದಿನ ಆ ಹೆಂಗಸಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. "ಬಾಗ್ಲತ್ರ ಇದ್ದ ನಾಲ್ಕು ಚಂದ್ರಿಕೆ ನಮ್ಮತ್ತೆ ಹೊತ್ತಾಕಿದ್ರು. ನಾವೆಲ್ಲಾ ರಸ್ತೆಗೆ ಹೋದ್ರೂ ಅವರು ಬರ್ಲಿಲ್ಲ" ಎಂದಳು. ಆಮೇಲೆ, "ಗಾಡಿ ಬಂದಿಲ್ಲ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಅಕ್ಕಾ. ನಾವು ಆರು ಜನ ಇದ್ವಿ." ಫೋನು ಇಟ್ಟದ್ದು ಅವಳೇ.

ಆ ಮುಖ್ಯಸ್ಥರು ಮತ್ತೆ ಊಟದ ವಿಷಯ ಕೇಳಲಿಲ್ಲ. ಬೇರೆ ಗಾಡಿಯವರೂ ಮಾತು ಕಡಿಮೆ ಮಾಡಿದರು. ನಾನು ಎಲ್ಲವನ್ನೂ ಬರೆಯುತ್ತೇನೆಂದು ಸುದ್ದಿ ಹರಡಿರಬೇಕು. ದೋಸೆಯೂ ನಿಂತಿತು. ಬೆಳಗಿನ ಪರೀಕ್ಷಾ ಕರೆಗೆ ನಾಲ್ಕೂ ಕಡೆಯಿಂದ "ಸ್ಪಷ್ಟವಾಗಿ ಕೇಳಿಸುತ್ತಿದೆ, ಓವರ್" ಎಂದಷ್ಟೇ ಬರುತ್ತದೆ.

ಆದರೆ ಬೆಟ್ಟದ ಹಿಂದಿನ ಹಳ್ಳಿಗಳಿಗೆ ಹೋಗುವಾಗ ಆ ಮುಖ್ಯಸ್ಥರು ಈಗ ಐದು ಮಾತು ಹೇಳುತ್ತಾರೆ. ಯಾರೂ ಆದೇಶ ಮಾಡಿದ್ದಲ್ಲ. ಹೋದ ತಿಂಗಳು ಒಂದು ಮಧ್ಯಾಹ್ನ, ಅದೇ ಕಡೆ ಇನ್ನೊಂದು ಮೆದೆಗೆ ಬೆಂಕಿ ಬಿದ್ದಾಗ, "ಹುಣಸೆಮರ ದಾಟ್ತಾ ಇದೀವಿ. ಇನ್ನು ಸಿಗಲ್ಲ. ಓವರ್" ಎಂದರು. ಹಿಂದೆ ಗೇರ್ ಬದಲಿಸಿದ ಸದ್ದು ಕೇಳಿತು. ಹುಣಸೆಮರ ಎಂದೇ ಬರೆದೆ. ತಲುಪಿದ ಸಮಯದ ಜಾಗ ಖಾಲಿ ಉಳಿಯಿತು, ಸೆಟ್ಟು ಸುಮ್ಮನಾಯಿತು. ಗಾಡಿ ಉರುಳಿರಬಹುದು, ಕೆಟ್ಟು ನಿಂತಿರಬಹುದು, ಊರು ಮುಟ್ಟಿರಬಹುದು. ಹೀಗೆ ಏನೂ ತಿಳಿಯದೆ ಕಾಯುವ ಹೊತ್ತನ್ನು ಅವರು ಇಷ್ಟು ವರ್ಷ ನನ್ನಿಂದ ಮರೆಮಾಡಿದ್ದರು.

ಫೋನು ಬಂತು. ಯಾರೋ ಗಂಡಸು, ಗಾಡಿ ಬಂತಾ ಎಂದು ಕೇಳಿದ.

"ಇಲ್ಲಪ್ಪ, ಇನ್ನೂ ಬಂದಿಲ್ಲ," ಎಂದೆ. "ಹತ್ತು ನಿಮಿಷನಾದ್ರೂ ಆಗುತ್ತೆ. ಅಷ್ಟರಲ್ಲಿ ದನ ಬಿಚ್ಚಿ. ಹೊಗೆ ಇಲ್ಲದ ಕಡೆಯಿಂದ ಏನು ಎತ್ತಿಡೋಕಾಗುತ್ತೋ ಎತ್ತಿಡಿ."