ಖಾಲಿ ಚೀಲ ಹಿಡಿದು ಮಾಸ್ಟ್ರಿಕ್ಟ್‌ಗೆ

ಬೆಳಗ್ಗೆ ಏಳಕ್ಕೆ ದ ಹೇಗ್‌ನಿಂದ ಹೊರಡುವಾಗ ನನ್ನ ಕೈಯಲ್ಲಿ ದೊಡ್ಡದೊಂದು ಖಾಲಿ ಚೀಲವಿತ್ತು. ಮಾಸ್ಟ್ರಿಕ್ಟ್‌ನಲ್ಲಿ ಓದುವ ಮಗಳು ಸ್ವಾತಿಯ ಬಟ್ಟೆಬರೆ ತುಂಬಿಸಿ, ಅವಳನ್ನೂ ಮನೆಗೆ ಕರೆತರುವುದೆಂದು ನಿಶ್ಚಯಿಸಿದ್ದೆ. ಹುಟ್ಟಿನಿಂದ ಕಾಲಲ್ಲಿ ಬಲವಿಲ್ಲದೆ ಗಾಲಿಕುರ್ಚಿಯಲ್ಲಿ ಓಡಾಡುವ ಹುಡುಗಿ, ಭಾರ ಎತ್ತುವ ಕ್ಲಬ್ ಸೇರಿದ್ದೇನೆ ಎಂದು ಫೋನಿನಲ್ಲಿ ಹೇಳಿದ್ದಳು. ಅಂದಿನಿಂದ ನನಗೆ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ.

ಐಂಡ್‌ಹೋವನ್‌ನಲ್ಲಿ ರೈಲು ಬದಲಿಸಿ, ಒಟ್ಟು ಎರಡೂವರೆ ಗಂಟೆಯ ದಾರಿ. ಕೊರೊನಾ ಇನ್ನೂ ಹೋಗಿರಲಿಲ್ಲ. ಎಲ್ಲರ ಮುಖಕ್ಕೂ ಮಾಸ್ಕ್. ಕಿಟಕಿ ಪಕ್ಕ ಜಾಗ ಸಿಕ್ಕಿತು, ಎದುರಿನ ಸೀಟಿಗೆ ಯಾರೂ ಬರಲಿಲ್ಲ, ಮಳೆಯೂ ನಿಂತಿತು. ಮೂರಕ್ಕೂ ಕೃಷ್ಣನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಕೋಣೆ ತಲುಪಿ ಚಕ್ಕುಲಿ ಡಬ್ಬಿ ಕೆಳಗಿಡುವಷ್ಟರಲ್ಲಿ ಸ್ವಾತಿ ಲ್ಯಾಪ್‌ಟಾಪ್ ತಿರುಗಿಸಿದಳು. "ಅಮ್ಮಾ, ಮೊದಲು ಇದು ನೋಡು, ಆಮೇಲೆ ಬೈ. ಟೋಕಿಯೊ ಪ್ಯಾರಾಲಿಂಪಿಕ್ಸ್, ಲೈವ್."

ಪ್ರೇಕ್ಷಕರಿಲ್ಲದ ಸಭಾಂಗಣ. ಬೆಂಚಿನ ಮೇಲೆ ಚೀನಾದ ಒಬ್ಬಾಕೆ ಮಲಗಿದ್ದಳು. ಹೆಚ್ಚುಕಮ್ಮಿ ನನ್ನದೇ ಪ್ರಾಯ. ಅವಳ ಸಣಕಲು ಕಾಲುಗಳನ್ನು ಪಟ್ಟಿಯಿಂದ ಬೆಂಚಿಗೆ ಬಿಗಿದಿದ್ದರು.

"ಕಟ್ಟಿ ಹಾಕಿದ್ದಾರಲ್ಲ ಮಾರಾಯ್ತಿ."

"ಜಾರಬಾರದು ಅಂತ. ಪೋಲಿಯೊ ಅವಳಿಗೆ. ಫಸ್ಟ್ ಮೆಡಲ್ ಗೆದ್ದಾಗ ನಾನು ನಿನ್ನ ಮಡಿಲಲ್ಲಿದ್ದೆ. ಎರಡು ಸಲ ಭುಜದ ಆಪರೇಷನ್ ಆಯ್ತು, ಇನ್ನು ಮುಗೀತು ಅಂದ್ರು ಎಲ್ಲ. ಮತ್ತೆ ಬಂದ್ಲು ನೋಡು."

ಅಷ್ಟರಲ್ಲಿ ಅವಳು ಎರಡೂ ಕೈಯಲ್ಲಿ ಹಿಡಿದ, ತುದಿಗಳಲ್ಲಿ ಭಾರದ ಬಿಲ್ಲೆಗಳಿದ್ದ ಕಬ್ಬಿಣದ ಸರಳು ಎದೆಗೆ ಇಳಿಯಿತು. ಇಳಿದದ್ದು ಅಲ್ಲೇ ನಿಂತಿತು. ಸುತ್ತ ಇದ್ದವರು ಯಾರೂ ಕೈ ಹಾಕಲಿಲ್ಲ. ಕಣ್ಣೆದುರೇ ಒಂದು ಜೀವ ಜಜ್ಜಿಹೋಗುತ್ತಿದೆ ಎನ್ನಿಸಿ ನಾನು ರಪ್ಪನೆ ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ.

"ಎಂತ ಮಾಡಿದ್ದು ನೀನು? ಎದೆ ಮೇಲೆ ಅಲುಗಾಡದೆ ನಿಲ್ಲಿಸಬೇಕಮ್ಮ, ಅದೇ ರೂಲ್. ಆಮೇಲೇ ಎತ್ತೋದು."

ಮತ್ತೆ ತೆರೆದಾಗ, ಎತ್ತಿದ್ದು ಸರಿ ಎನ್ನುವ ತೀರ್ಪುಗಾರರ ಮೂರು ಬಿಳಿ ದೀಪ ಉರಿಯುತ್ತಿದ್ದವು, ಆಕೆ ಎದ್ದು ಕುಳಿತು ನಗುತ್ತಿದ್ದಳು. ಬದುಕಿದ್ದಾಳೆ ಎಂದು ನಾನು ಅತ್ತೆ. ಸ್ವಾತಿ ಚಕ್ಕುಲಿ ಮುರಿದು ನನ್ನ ಬಾಯಿಗಿಟ್ಟಳು. "ಗೆದ್ದದ್ದಕ್ಕೆ ಅಳುವವಳು ನೀನೊಬ್ಬಳೇ."

ಮಧ್ಯಾಹ್ನ ಕ್ಲಬ್ಬಿಗೆ ಹೋದೆವು. ಕೋಚ್ ಪಟ್ಟಿ ಹಿಡಿದು ಬಂದಾಗ ಸ್ವಾತಿ ತಡೆದು, ನನ್ನತ್ತ ಕೈ ತೋರಿಸಿದಳು. ಇಪ್ಪತ್ತು ವರ್ಷ ಎಣ್ಣೆ ತಿಕ್ಕಿದ ಕಾಲುಗಳನ್ನು ನಾನೇ ಬೆಂಚಿಗೆ ಕಟ್ಟಿದೆ.

"ಇನ್ನೂ ಬಿಗಿ, ಅಮ್ಮ. ನಾನೇನು ಗಾಜಲ್ಲ."

ಸರಳು ಅವಳ ಎದೆಗಿಳಿದು ನಿಂತಿತು. ಕೈಗಳನ್ನು ಬೆನ್ನ ಹಿಂದೆ ಹೆಣೆದುಕೊಂಡು ನಾನೂ ನಿಂತೆ. ಎಷ್ಟೋ ಹೊತ್ತಾದಂತೆ ಅನ್ನಿಸಿತು. ಆಮೇಲೆ ಅದು ಮೇಲೆದ್ದಿತು.

ಒಬ್ಬಳೇ ಹತ್ತಿದ ಸಂಜೆಯ ರೈಲಿನಲ್ಲಿ ಕಿಟಕಿ ಸಿಗಲಿಲ್ಲ. ಖಾಲಿ ಚೀಲವನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡೆ. ಪಟ್ಟಿ ಎಳೆದು ಬಿಗಿದ ಬೆರಳುಗಳಲ್ಲಿ ದ ಹೇಗ್ ಬರುವವರೆಗೂ ಅದರ ಕೆಂಪು ಗುರುತು ಹಾಗೇ ಇತ್ತು.