ರುದ್ರಮ್ಮನ ಎರಡು ಫಿಲ್ಮ್

ಎಂಬತ್ತರ ದಶಕದ ಕೊನೆಯ ಮಾತು. ತುಮಕೂರಿನ ಶಿರಾ ಗೇಟ್ ಬಳಿಯ ನರ್ಸಿಂಗ್ ಹೋಮ್ ಒಂದರಲ್ಲಿ ನಾನು ಎಕ್ಸ್‌ರೇ ಟೆಕ್ನಿಷಿಯನ್ ಆಗಿದ್ದೆ. ಯಾರನ್ನೂ ಸುಲಭಕ್ಕೆ ನಂಬದ ಸ್ವಭಾವ ನನ್ನದು. ಈ ಕೆಲಸಕ್ಕೆ ಅದೇ ಒಳ್ಳೆಯದು ಎಂದುಕೊಂಡಿದ್ದೆ.

ಗುಬ್ಬಿಯ ರುದ್ರಮ್ಮನವರಿಗೆ ಎಡಪಕ್ಕೆಯಲ್ಲಿ ತಡೆಯಲಾರದ ನೋವು. ನಾನು ತೆಗೆದ ಫಿಲ್ಮಿನಲ್ಲಿ ಮೂತ್ರಪಿಂಡದ ಹತ್ತಿರ ದೊಡ್ಡದೊಂದು ಬಿಳಿ ಚುಕ್ಕೆ ಕಂಡಿತು. ನಮ್ಮ ಡಾಕ್ಟರು ಕಲ್ಲು ಎಂದರು. ಹೊಟ್ಟೆ ಕೊಯ್ಯದೆ, ಹೊರಗಿನಿಂದಲೇ ಶಾಕ್ ವೇವ್ ಹಾಯಿಸಿ ಕಲ್ಲನ್ನು ಪುಡಿ ಮಾಡುವ ಯಂತ್ರ ಆಗಷ್ಟೇ ದೊಡ್ಡ ಊರುಗಳಿಗೆ ಬಂದಿತ್ತು. ಅದಕ್ಕೆ ಗುರಿ ತೋರಿಸಲು ಎಕ್ಸ್‌ರೇ ಇಲ್ಲವೇ ಅಲ್ಟ್ರಾಸೌಂಡ್ ಬೇಕು. ಗುರಿ ತಪ್ಪಿದರೆ ಏಟು ಬೀಳುವುದು ಕಲ್ಲಿಗಲ್ಲ, ಮೈಗೆ. "ಬೆಂಗಳೂರಿಗೆ ಕಳಿಸೋಣ, ಇನ್ನೊಂದು ಫಿಲ್ಮ್ ತೆಗೀರಿ" ಎಂದರು ಡಾಕ್ಟರು.

ಮೂರು ದಿನದ ನಂತರ ತೆಗೆದ ಆ ಫಿಲ್ಮಿನಲ್ಲಿ ಚುಕ್ಕೆಯೇ ಇರಲಿಲ್ಲ.

ರುದ್ರಮ್ಮನವರ ಗಂಡ ಕೆರಳಿದರು. "ಮೊನ್ನೆ ಕಲ್ಲೈತೆ ಅಂದ್ರಿ, ಇವತ್ತು ಇಲ್ಲ ಅಂತೀರ. ಯಾರ್ದೋ ಫಿಲ್ಮ್ ತೋರ್ಸಿ ನಮ್ಮನ್ನ ಬೆಂಗ್ಳೂರಿಗೆ ಅಟ್ತಿದ್ರಾ? ಏಳೇ, ಊರಿಗೆ ಹೋಗಾನ." ಆಕೆ ಏಳಲಾಗದೆ ಬೆಂಚು ಹಿಡಿದು ಕೂತಿದ್ದರು.

ನನ್ನ ಅನುಮಾನ ನೇರವಾಗಿ ಫಿಲ್ಮ್ ತೊಳೆಯುವ ಡಾರ್ಕ್‌ರೂಮಿನ ಶಿವಣ್ಣನ ಮೇಲೆ ಹೋಯಿತು. ಆತ ನನಗಿಂತ ಹಿರಿಯ. "ಫಿಲ್ಮಿನ ನಂಬರ್ ಅದಲು ಬದಲು ಮಾಡಿದೀಯ ಕಣಯ್ಯ" ಎಂದು ಎಲ್ಲರ ಎದುರೇ ಬೈದೆ.

ಶಿವಣ್ಣ ಎರಡೂ ಫಿಲ್ಮನ್ನು ಬೆಳಕಿಗೆ ಹಿಡಿದ. "ಪಕ್ಕೆಲುಬು ನೋಡಿ ಸಾರ್. ಎರಡ್ರಲ್ಲೂ ಒಂದೇ ಕಡೆ ಮುರ್ದು ಕೂಡ್ಕೊಂಡದೆ. ಒಬ್ರದೇ ಇವು."

ನಿಜವಾಗಿತ್ತು. ಅಷ್ಟು ದೊಡ್ಡ ಕಲ್ಲು ಮೂರು ದಿನದಲ್ಲಿ ಇಳಿದು ಹೋಗುವಂಥದ್ದೂ ಅಲ್ಲ. ಈಗ ರುದ್ರಮ್ಮನವರನ್ನೇ ಕೇಳಿದೆ: "ಅವತ್ತು ಬೆನ್ನಿಗೆ ಏನಾದ್ರೂ ಹಚ್ಕೊಂಡಿದ್ರಾ?"

ಆಕೆ ಗಂಡನ ಮುಖ ನೋಡಿದರು. "ಎಲೆ ಅಡಿಕೆಗೆ ಹಾಕೋ ಸುಣ್ಣಕ್ಕೆ ಬೆಲ್ಲ ಕಲ್ಸಿ ಪಟ್ಟು ಹಾಕಿದ್ದೆ, ನಿನ್ನೆ ತೊಳ್ಕೊಂಡೆ. ಬೈತೀರ ಅಂತ ಹೇಳ್ಲಿಲ್ಲ."

ಹೆಂಗಸರು ಗೌನ್ ತೊಟ್ಟು ಮಲಗುವಾಗ ನಾನು ಮುಖ ತಿರುಗಿಸಿ ನಿಲ್ಲುತ್ತಿದ್ದೆ. ಬೆನ್ನು ನೋಡಿರಲೇ ಇಲ್ಲ. ಸುಣ್ಣ ಬೆಲ್ಲ ತರಿಸಿ, ಒಂದು ಉಂಡೆಯನ್ನು ಬರೀ ಫಿಲ್ಮ್ ಪೆಟ್ಟಿಗೆಯ ಮೇಲಿಟ್ಟು ಎಕ್ಸ್‌ರೇ ಹಾಯಿಸಿದೆ. ಅದೇ ಬಿಳಿ ಚುಕ್ಕೆ! ಗಂಡನೂ ನೋಡಿ ತಣ್ಣಗಾದರು.

ಆದರೆ ನೋವು ಸುಳ್ಳಾಗಿರಲಿಲ್ಲ. ಬೆಂಗಳೂರಿನ ಅಲ್ಟ್ರಾಸೌಂಡಿನಲ್ಲಿ ಎಕ್ಸ್‌ರೇಗೆ ಕಾಣದ ಜಾತಿಯ ಕಲ್ಲೊಂದು, ನಮ್ಮ ಚುಕ್ಕೆಗಿಂತ ಮೂರು ಬೆರಳು ಮೇಲೆ, ಸಿಕ್ಕಿತು. ಅದನ್ನೇ ಗುರಿಯಾಗಿಟ್ಟು ಪುಡಿ ಮಾಡಿದರು. ರುದ್ರಮ್ಮ ಗುಣವಾದರು.

ಅನುಮಾನ ಪಡುವುದು ನಮ್ಮ ಕೆಲಸದ ಭಾಗವೇ. ಅದನ್ನು ನನ್ನಿಂದ ಶುರು ಮಾಡಬೇಕಿತ್ತು ಎಂದು ಅಂದು ಕಲಿತೆ. ತಪ್ಪಾಯಿತು ಎಂದು ಶಿವಣ್ಣನಿಗೆ ಹೇಳಿದೆ. "ಬುಡಿ ಸಾರ್" ಎಂದ. ಆದರೆ ಮರುದಿನದಿಂದ ನಾನು ಆ ಕೆಲಸ ಬಿಡುವವರೆಗೂ, ಪ್ರತಿಯೊಂದು ಫಿಲ್ಮನ್ನೂ ಒದ್ದೆಯಿರುವಾಗಲೇ ತಂದು ನನ್ನ ಮುಖದೆದುರು ಹಿಡಿಯುತ್ತಿದ್ದ. "ನೋಡ್ಕೊಳ್ಳಿ ಸಾರ್, ನಂಬರ್ ಸರಿಯಾಗೈತಾ?"